ನೇಟಾಲಿಗೆ ಹೋದ ದೊಡ್ಡ ಮುತ್ತಾತ: ಡರ್ಬನ್‌ನಿಂದ ಬರೆದವರು ನಮ್ಮವರೇನಾ?

ಪ್ರಶ್ನೆ: ನಮ್ಮದು ಮುಳಬಾಗಿಲು ತಾಲ್ಲೂಕಿನ ಒಂದು ಹಳ್ಳಿ. ನಮ್ಮ ತಾತ 1931ರಲ್ಲಿ ಹುಟ್ಟಿದವರು, ಈಗಿಲ್ಲ. ಅವರ ತಂದೆಗೆ ಒಬ್ಬ ಅಣ್ಣ ಇದ್ದರಂತೆ. ಧಾತು ಬರದಲ್ಲಿ ಮನೆ ಬಿಟ್ಟು ಮದ್ರಾಸಿಗೆ ಹೋಗಿ, ಅಲ್ಲಿ ಹಡಗು ಹತ್ತಿ ದಕ್ಷಿಣ ಆಫ್ರಿಕಾದ ನೇಟಾಲಿಗೆ ಕಬ್ಬಿನ ತೋಟದ ಕೆಲಸಕ್ಕೆ ಹೋದರಂತೆ. ಹೆಂಡತಿ ಇಲ್ಲೇ ಉಳಿದರು. ಒಂದೆರಡು ಕಾಗದ ಬಂದಿದ್ದವಂತೆ, ಈಗ ಯಾವುದೂ ಇಲ್ಲ. ಹೋದ ತಿಂಗಳು ಡರ್ಬನ್‌ನಿಂದ ಒಬ್ಬ ಹೆಣ್ಣುಮಗಳು ನನ್ನ ಮಗಳಿಗೆ ಫೇಸ್‌ಬುಕ್‌ನಲ್ಲಿ ಬರೆದಿದ್ದಾರೆ. ಅವರ ಅಜ್ಜಿಯ ತಂದೆ ಮೈಸೂರು ಸೀಮೆಯ ಕೋಲಾರದ ಕಡೆಯವರಂತೆ. ಹೆಸರೂ ನಮ್ಮ ದೊಡ್ಡ ಮುತ್ತಾತನದ್ದೇ. ಆ ಅಜ್ಜಿಗೆ 90 ದಾಟಿದೆ. ನಮ್ಮ ಮನೆಯಲ್ಲಿ ತಾತನ ತಂಗಿ ಇದ್ದಾರೆ, 87 ವರ್ಷ. ಅವರು ನಿಜಕ್ಕೂ ನಮ್ಮವರೇನಾ? ತಿಳಿಯೋದು ಹೇಗೆ? ಮುಂದೆ ಏನು ಮಾಡಬೇಕು? (ಹೆಸರು ಹಾಕಬೇಡಿ.)

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಎರಡು ವಯಸ್ಸು. ಡರ್ಬನ್‌ನಲ್ಲಿ 90 ದಾಟಿದ ಅಜ್ಜಿ, ನಿಮ್ಮ ಮನೆಯಲ್ಲಿ 87ರ ಅಜ್ಜಿ. ಡರ್ಬನ್‌ನ ಹೆಣ್ಣುಮಗಳು ಬರೆದಿರುವುದು ನಿಜವಾದರೆ ಇವರಿಬ್ಬರೂ ಅಣ್ಣತಮ್ಮಂದಿರ ಮಕ್ಕಳು. ನಿಮ್ಮ ಅಜ್ಜಿಗೆ ಆ ಡರ್ಬನ್ ಅಜ್ಜಿ ಅಕ್ಕ ಆಗಬೇಕು. ಪತ್ರಾಗಾರದ ಕಾಗದ ನೂರು ವರ್ಷ ಕಾದಿದೆ, ಇನ್ನೂ ಕಾಯುತ್ತದೆ. ಇವರಿಬ್ಬರಿಗೆ ಅಷ್ಟು ಸಮಯ ಇಲ್ಲ. ಹಾಗಾಗಿ ಕೆಲಸ ಈ ವಾರವೇ, ಈ ಇಬ್ಬರಿಂದಲೇ ಶುರುವಾಗಲಿ.

ಹೆಸರು, ಜಿಲ್ಲೆ ಎರಡೂ ಸೇರಿದವು ಅಂತ ನಂಬಿಬಿಡಬೇಡಿ. ಹಾಗಂತ ಸುಮ್ನೆ ತಳ್ಳಿಹಾಕುವ ಮಾತೂ ಅಲ್ಲ. ಇದನ್ನು ಪರೀಕ್ಷೆ ಮಾಡಿ ನೋಡಬಹುದು. ನೇಟಾಲಿಗೆ ಹೋದವರ ವಿಷಯದಲ್ಲಿ ನಮಗೆ ಒಂದು ಅನುಕೂಲ ಇದೆ. 1860ರ ನವೆಂಬರ್ 16ರಂದು ಟ್ರೂರೋ ಎಂಬ ಹಡಗು ಮದ್ರಾಸಿನಿಂದ ಮೊದಲ ತಂಡವನ್ನು ಡರ್ಬನ್‌ಗೆ ಇಳಿಸಿತು. ಅಲ್ಲಿಂದ 1911ರವರೆಗೆ ಸುಮಾರು 1 ಲಕ್ಷ 52 ಸಾವಿರ ಜನ ಕರಾರಿನ ಮೇಲೆ ಹೋದರು. ಮೂರರಲ್ಲಿ ಎರಡು ಪಾಲು ಮದ್ರಾಸಿನಿಂದಲೇ ಹತ್ತಿದವರು. ಅವರಲ್ಲಿ ಒಬ್ಬೊಬ್ಬರಿಗೂ ಒಂದು ನಂಬರು ಕೊಟ್ಟು, ಒಂದು ಸಾಲು ಬರೆದಿಟ್ಟರು. ತೋಟದ ಮಾಲೀಕರಿಗೆ ಆಳುಗಳ ಲೆಕ್ಕ ಬೇಕಿತ್ತು, ಅದಕ್ಕೆ ಬರೆದರು. ಆ ಲೆಕ್ಕವೇ ಈಗ ನಮಗೆ ದಾರಿ ತೋರಿಸುತ್ತದೆ.

ಒಂದು ವಿಚಾರ ಚೆನ್ನಾಗಿ ತಲೆಯಲ್ಲಿ ಇಟ್ಟುಕೊಳ್ಳಿ. ಹೋದವರ ಕಾಗದ ಅಲ್ಲಿದೆ, ಆದರೆ ಊರಿನ ನೆನಪು ಅವರಲ್ಲಿ ಅಳಿಸಿಹೋಗಿದೆ. ಉಳಿದವರ ನೆನಪು ಇಲ್ಲಿದೆ, ಆದರೆ ಕಾಗದ ಇಲ್ಲ. ಎರಡನ್ನೂ ಜೋಡಿಸುವುದು ಎರಡೇ ಸಂಗತಿ: ಹೋದವರ ತಂದೆಯ ಹೆಸರು, ಹಳ್ಳಿಯ ಹೆಸರು. ಅವರ ಸ್ವಂತ ಹೆಸರಿಗಿಂತ ಇವೆರಡಕ್ಕೆ ಬೆಲೆ ಜಾಸ್ತಿ.

ಮೊದಲು ಕಾಲದ ಲೆಕ್ಕ ಸರಿ ಮಾಡೋಣ. ಧಾತು ಬರ ಅಂದರೆ 1876–78. ನಿಮ್ಮ ತಾತ ಹುಟ್ಟಿದ್ದು 1931. ಆಗ ಅವರ ತಂದೆಗೆ 35–40 ವರ್ಷ ಅಂದುಕೊಂಡರೂ ಅವರು ಹುಟ್ಟಿದ್ದು 1890ರ ದಶಕದಲ್ಲಿ. ಅಣ್ಣ ಅವರಿಗಿಂತ ಹತ್ತು ವರ್ಷ ದೊಡ್ಡವರಾಗಿದ್ದರೂ ಧಾತು ಬರದ ಹೊತ್ತಿಗೆ ಹುಟ್ಟಿರಲೇ ಇಲ್ಲ. ಆ ಕಡೆಯಿಂದ ನೋಡಿದರೂ ಅಷ್ಟೇ. ಧಾತು ಬರದಲ್ಲಿ ಇಪ್ಪತ್ತರ ಹರೆಯದಲ್ಲಿ ಹಡಗು ಹತ್ತಿದವರಿಗೆ 1930ರ ದಶಕದಲ್ಲಿ ಮಗಳು ಹುಟ್ಟುವುದು ಕಷ್ಟ. ಎರಡೂ ಲೆಕ್ಕ 1900ರಿಂದ 1911ರ ನಡುವೆ ಬಂದು ನಿಲ್ಲುತ್ತವೆ. 1911ರ ಜುಲೈ 1ರಿಂದ ನೇಟಾಲಿಗೆ ಕರಾರಿನ ಆಳುಗಳನ್ನು ಕಳಿಸುವುದು ನಿಂತುಹೋಯಿತು. ಹಾಗಾಗಿ ನೀವು ಹುಡುಕಬೇಕಾದ್ದು ಆ ಹತ್ತು ಹನ್ನೆರಡು ವರ್ಷಗಳ ಹಡಗುಗಳನ್ನು ಮಾತ್ರ. ಇದು ದೊಡ್ಡ ಉಳಿತಾಯ.

ಮನೆಯವರು ಸುಳ್ಳು ಹೇಳಿದರು ಅಂತ ಇದರ ಅರ್ಥ ಅಲ್ಲ. ಮೈಸೂರು ಸಂಸ್ಥಾನದಲ್ಲಿ ಆ ಬರಕ್ಕೆ ಸುಮಾರು ಹತ್ತು ಲಕ್ಷ ಜನ ಸತ್ತರು. ಅಷ್ಟು ದೊಡ್ಡ ಕಷ್ಟ ಕಂಡ ಮೇಲೆ ಮುಂದಿನ ತಲೆಮಾರಿನವರು ಯಾರು ಯಾವಾಗ ಊರು ಬಿಟ್ಟಿದ್ದರೂ "ಬರದಲ್ಲಿ ಹೋದರು" ಅಂತಲೇ ಹೇಳಿಕೊಂಡು ಬಂದರು. ಮನೆಯ ನೆನಪಿನಲ್ಲಿ ಊರು, ನೆಂಟಸ್ತಿಕೆ, ಜಗಳ ಸರಿಯಾಗಿ ಉಳಿಯುತ್ತವೆ. ಇಸವಿ ಉಳಿಯುವುದಿಲ್ಲ. ಇನ್ನೊಂದು ಸಾಧ್ಯತೆಯೂ ಇದೆ. ಬರದಲ್ಲಿ ಹೋದವರು ಒಂದು ತಲೆಮಾರು ಹಿಂದಿನ ಬೇರೊಬ್ಬರಿರಬಹುದು, ಎರಡು ಕಥೆ ಸೇರಿ ಒಂದಾಗಿರಬಹುದು. ಅಜ್ಜಿಯನ್ನು ಕೇಳುವಾಗ ಇದೂ ಗಮನದಲ್ಲಿರಲಿ.

ಈಗ ಹಡಗಿನ ಪಟ್ಟಿಯಲ್ಲಿ ಬರೆದಿಟ್ಟ ಆ ಸಾಲಿನ ವಿಷಯ. ಡರ್ಬನ್‌ನ ಹೆಣ್ಣುಮಗಳಿಗೆ ಕೇಳಬೇಕಾದ ಮೊದಲ ಪ್ರಶ್ನೆ: ನಿಮ್ಮ ಅಜ್ಜಿಯ ತಂದೆಯ ಕಲೋನಿಯಲ್ ನಂಬರ್ ಏನು? ನೇಟಾಲಿನಲ್ಲಿ ಇಳಿದ ಪ್ರತಿ ಆಳಿಗೂ ಆ ನಂಬರ್ ಇತ್ತು. ಮದುವೆ, ಮಕ್ಕಳ ಜನನ, ಬೇರೆ ತೋಟಕ್ಕೆ ವರ್ಗ, ಎಲ್ಲ ಕಡೆ ಹೆಸರಿನ ಜೊತೆ ಆ ನಂಬರ್ ಇರುತ್ತಿತ್ತು. ಮನೆಯಲ್ಲಿ ಹಳೆಯ ಕಾಗದ ಇದ್ದರೆ ಸಿಗುತ್ತದೆ. ಇಲ್ಲದಿದ್ದರೂ ಪರವಾಗಿಲ್ಲ. ಹಡಗಿನ ಪಟ್ಟಿಗಳ ಮೂಲ ಅಲ್ಲಿನ ಸರ್ಕಾರಿ ಪತ್ರಾಗಾರದಲ್ಲಿದೆ. ಅವನ್ನು ಕಂಪ್ಯೂಟರ್‌ಗೆ ಏರಿಸಿ ಹುಡುಕಲು ಬರುವ ಹಾಗೆ ಮಾಡಿದ್ದಾರೆ. ಕ್ವಾಜುಲು-ನೇಟಾಲ್ ವಿಶ್ವವಿದ್ಯಾಲಯದ ಗಾಂಧಿ-ಲುಥುಲಿ ದಾಖಲೆ ಕೇಂದ್ರದವರನ್ನು ಕೇಳಲು ಹೇಳಿ. ಆಕೆ ಡರ್ಬನ್‌ನಲ್ಲೇ ಇರುವುದರಿಂದ ಈ ಓಡಾಟ ಅವರಿಗೇ ಸುಲಭ.

ಪಟ್ಟಿಯ ಒಂದು ಸಾಲಿನಲ್ಲಿ ಇರುವುದು ಇಷ್ಟು: ನಂಬರು, ಹೆಸರು, ತಂದೆಯ ಹೆಸರು, ವಯಸ್ಸು, ಗಂಡೋ ಹೆಣ್ಣೋ, ಜಾತಿ, ಜಿಲ್ಲೆ, ತಾಲ್ಲೂಕು ಅಥವಾ ಠಾಣೆ, ಹಳ್ಳಿ, ಎತ್ತರ, ಮೈಮೇಲಿನ ಗುರುತು, ಹಡಗು, ಇಳಿದ ದಿನ, ಯಾವ ಮಾಲೀಕನಿಗೆ ಹಂಚಿದರು, ಕೊನೆಯಲ್ಲಿ ಷರಾ. ಬಲಗಾಲಿನ ಮೇಲೆ ಗಾಯದ ಕಲೆ, ಎದೆಯ ಮೇಲೆ ಮಚ್ಚೆ, ಈ ಥರ ಗುರುತು ಬರೆದಿರುತ್ತಾರೆ. ಫೋಟೋ ಒಂದೂ ಇಲ್ಲದ ಮನೆಗೆ ಮುತ್ತಜ್ಜನ ಬಗ್ಗೆ ಉಳಿದಿರುವುದು ಅಷ್ಟೇ ಆಗಿರಬಹುದು: ಐದಡಿ ಎಷ್ಟೋ ಅಂಗುಲ ಎತ್ತರ, ಎಡ ಮೊಣಕೈ ಹತ್ತಿರ ಒಂದು ಕಲೆ. ಷರಾ ಓದುವುದನ್ನು ಮರೆಯಬೇಡಿ. ಸತ್ತರು, ವಾಪಸ್ ಹೋದರು ಅಂತೆಲ್ಲ ಒಂದೊಂದು ಸಲ ಅಲ್ಲೇ ಬರೆದಿರುತ್ತಾರೆ.

ಪಟ್ಟಿಯನ್ನು ಹೆಸರು ಹಾಕಿ ಹುಡುಕಿದರೆ ಕೈಗೆ ಏನೂ ಸಿಗದೇ ಹೋಗಬಹುದು. ನಿಮ್ಮ ದೊಡ್ಡ ಮುತ್ತಾತನ ಹೆಸರು ಹಾಕಬೇಡಿ ಅಂದಿದ್ದೀರಿ, ಅದಕ್ಕೆ ಮುನಿಯಪ್ಪ ಅಂತ ಇಟ್ಟುಕೊಳ್ಳೋಣ. ಮದ್ರಾಸಿನ ಗುಮಾಸ್ತ ತಮಿಳಿನವರಾಗಿದ್ದರೆ ಅದು ಮುನಿಯಪ್ಪನ್ ಆಗುತ್ತದೆ. ನೇಟಾಲಿನ ಇಂಗ್ಲಿಷ್ ಗುಮಾಸ್ತನ ಕೈಯಲ್ಲಿ ಮುನಿಯಾಪೆನ್ ಆಗುತ್ತದೆ. ಅಲ್ಲಿ ಮುನಿಸ್ವಾಮಿ ಮೂನ್‌ಸಾಮಿ ಆದರು, ಕೃಷ್ಣಸ್ವಾಮಿ ಕಿಸ್ಟ್ನಸಾಮಿ ಆದರು. ತಂದೆಯ ಹೆಸರೇ ಮಕ್ಕಳಿಗೆ ಮನೆತನದ ಹೆಸರಾಗಿ ನಿಂತುಬಿಟ್ಟಿತು. ಹಾಗಾಗಿ ಡರ್ಬನ್ ಅಜ್ಜಿಯ ತವರಿನ ಹೆಸರು ಏನಿತ್ತು ಅಂತ ಕೇಳಿ. ಅದರಲ್ಲಿ ನಿಮ್ಮ ದೊಡ್ಡ ಮುತ್ತಾತನ ಹೆಸರೇ ಅಡಗಿರಬಹುದು. ಇನ್ನು ಮುನಿಯಪ್ಪ ಅಂತ ನಿಮ್ಮ ತಾಲ್ಲೂಕಿನ ಯಾವ ಬೀದಿಯಲ್ಲಿ ಕೂಗಿದರೂ ನಾಲ್ಕು ಜನ ತಿರುಗಿ ನೋಡುತ್ತಾರೆ. ಆ ಹೆಸರು ಒಂದೇ ಸಾಕ್ಷಿ ಆಗಲಾರದು.

ಊರಿನ ಹೆಸರು ಹಾಕಿ ಹುಡುಕುವುದು ಮೇಲು. ಅಲ್ಲೂ ಸ್ವಲ್ಪ ತಾಳ್ಮೆ ಬೇಕು. ಮುಳಬಾಗಿಲು ಅನ್ನುವುದು ಮುಲ್ಬಗಲ್, ಮೂಲ್ಬಾಗುಲ್, ಮುಲವಾಗಲ್ ಹೀಗೆ ಹೇಗೆ ಬೇಕಾದರೂ ಇರಬಹುದು. ಕೋಲಾರಕ್ಕೆ ಇಂಗ್ಲಿಷಿನಲ್ಲಿ ಕೆ ಬದಲು ಸಿ ಇರಬಹುದು. ಜಿಲ್ಲೆಯ ಜಾಗದಲ್ಲಿ ಕೋಲಾರ ಅನ್ನದೆ ಮೈಸೂರು ಅಂತಲೋ ಬೆಂಗಳೂರು ಅಂತಲೋ ಬರೆದಿರಬಹುದು. ನಿಮ್ಮ ಊರು ಗಡಿಯಲ್ಲಿದೆ, ಅದಕ್ಕೆ ಇನ್ನೊಂದು ಜಾಗವನ್ನೂ ನೋಡಿ. ಚಿತ್ತೂರು 1911ರವರೆಗೆ ಬೇರೆ ಜಿಲ್ಲೆ ಆಗಿರಲಿಲ್ಲ, ಉತ್ತರ ಆರ್ಕಾಟ್ ಜಿಲ್ಲೆಯಲ್ಲೇ ಇತ್ತು. ಗಡಿಯಾಚೆ ನೆಂಟರ ಮನೆಯಲ್ಲಿ ಇದ್ದುಕೊಂಡು ಹೋದವರು ಉತ್ತರ ಆರ್ಕಾಟಿನವರು ಅಂತಲೇ ದಾಖಲಾಗಿರಬಹುದು. ಬೇರೆ ಜಿಲ್ಲೆಯ ಓದುಗರಿಗೂ ಇದು ಕೆಲಸಕ್ಕೆ ಬರುತ್ತದೆ. ಬಳ್ಳಾರಿ, ದಕ್ಷಿಣ ಕನ್ನಡ ಆಗ ಮದ್ರಾಸ್ ಆಡಳಿತದಲ್ಲಿದ್ದವು. ಕೊಳ್ಳೇಗಾಲದವರನ್ನು ಕೊಯಮತ್ತೂರು ಜಿಲ್ಲೆಯಲ್ಲಿ ಹುಡುಕಬೇಕು.

ಮುಳಬಾಗಿಲಿನ ಹುಡುಗ ಮದ್ರಾಸಿಗೆ ಹೇಗೆ ಹೋದ ಅನ್ನುವ ಅನುಮಾನ ಬೇಡ. 1864ರಲ್ಲೇ ಬೆಂಗಳೂರು ದಂಡಿನಿಂದ ಜೋಲಾರ್‌ಪೇಟೆ ಮೇಲೆ ಮದ್ರಾಸಿಗೆ ರೈಲು ಬಂದಿತ್ತು. ಬೌರಿಂಗ್‌ಪೇಟೆ, ಅಂದರೆ ಈಗಿನ ಬಂಗಾರಪೇಟೆ, ಅದೇ ದಾರಿಯಲ್ಲಿದೆ. ಚಿನ್ನದ ಗಣಿಗೆ ಕೂಲಿಗೆ ಅಂತ ಹೊರಟವರು ಯಾರದೋ ಮಾತು ಕೇಳಿ, ಹಡಗು ಹತ್ತುವ ಮೊದಲು ಆಳುಗಳನ್ನು ಇರಿಸುತ್ತಿದ್ದ ಮದ್ರಾಸಿನ ಡಿಪೋ ಸೇರುವುದು ಕಷ್ಟದ ಕೆಲಸ ಆಗಿರಲಿಲ್ಲ.

ಡರ್ಬನ್‌ನವರು "ನಾವು ತೆಲುಗರು" ಅಥವಾ "ನಾವು ತಮಿಳರು" ಅಂದರೆ ಗಾಬರಿ ಆಗಬೇಡಿ. ಕೋಲಾರ ಜಿಲ್ಲೆಯಲ್ಲಿ ಹೊರಗೆ ಕನ್ನಡ, ಮನೆಯಲ್ಲಿ ತೆಲುಗು ಅನ್ನುವ ಮನೆಗಳು ಎಷ್ಟಿಲ್ಲ? ನೇಟಾಲಿನಲ್ಲಿ ಕನ್ನಡದವರು ಬೇರೆ ಗುಂಪಾಗಿ ನಿಲ್ಲುವಷ್ಟು ಜನ ಇರಲಿಲ್ಲ. ಲಾಯದಲ್ಲಿ, ಅಂದರೆ ಆಳುಗಳ ಸಾಲುಮನೆಗಳಲ್ಲಿ, ಪಕ್ಕದ ಮನೆಯವರು ಮಾತಾಡಿದ ಭಾಷೆಯೇ ಮಕ್ಕಳಿಗೂ ಬಂತು. ಮುಂದಿನ ತಲೆಮಾರಿಗೆ ಇಂಗ್ಲಿಷ್ ಒಂದೇ ಉಳಿಯಿತು. ಜಾತಿಯ ಕಾಲಮ್ಮನ್ನೂ ಹೀಗೇ ನೋಡಬೇಕು. ಡಿಪೋದಲ್ಲಿ ಏನು ಹೇಳಿದರೋ, ಗುಮಾಸ್ತನಿಗೆ ಏನು ಕೇಳಿಸಿತೋ ಅದು ಅಲ್ಲಿದೆ. ಹೊಸ ದೇಶದಲ್ಲಿ ಬೇರೆ ಹೆಸರು ಹೇಳಿಕೊಂಡವರೂ ಇದ್ದಾರೆ. ಜಾತಿ ಸೇರಿದರೆ ಒಂದು ಪೂರಕ ಸಾಕ್ಷಿ. ಸೇರದಿದ್ದರೆ ಅಷ್ಟಕ್ಕೇ ಬಾಗಿಲು ಹಾಕಬೇಡಿ. ಒಂದು ಕಳಕಳಿಯ ಮಾತು: ಆಕೆಯನ್ನು ಮೊದಲ ಪರಿಚಯದಲ್ಲೇ "ನಿಮ್ಮದು ಯಾವ ಜಾತಿ" ಅಂತ ಕೇಳಬೇಡಿ. ಒಂದೇ ಹಡಗಿನಲ್ಲಿ, ಒಂದೇ ಲಾಯದಲ್ಲಿ ಬದುಕಿದವರ ಮಕ್ಕಳು ಅವರು. ಎಷ್ಟೋ ಮನೆಗಳಲ್ಲಿ ಅದನ್ನು ಎಂದೋ ಕೈಬಿಟ್ಟಿದ್ದಾರೆ. ಅದರ ಬದಲು ಮನೆದೇವರನ್ನು ಕೇಳಿ. ಅಜ್ಜಿಯ ತಂದೆ ಯಾವ ದೇವರಿಗೆ ನಡೆದುಕೊಳ್ಳುತ್ತಿದ್ದರು, ಮಕ್ಕಳ ಮೊದಲ ಕೂದಲು ಯಾವ ಹೆಸರಿನಲ್ಲಿ ಕೊಡುತ್ತಿದ್ದರು, ಹಬ್ಬದಲ್ಲಿ ಎಡೆ ಹೇಗೆ ಇಡುತ್ತಿದ್ದರು. ಭಾಷೆ ಹೋದ ಮನೆಗಳಲ್ಲೂ ಇದು ಉಳಿದಿರುತ್ತದೆ. ನೇಟಾಲಿನ ಮಾರಿಯಮ್ಮನ ಗುಡಿಗಳಲ್ಲಿ ಇಂದಿಗೂ ಗುಡ್ ಫ್ರೈಡೇ ಹೊತ್ತಿಗೆ ದೊಡ್ಡ ಜಾತ್ರೆ ನಡೆಯುತ್ತದೆ, ಯಾಕಂದರೆ ತೋಟದ ಆಳುಗಳಿಗೆ ರಜ ಸಿಗುತ್ತಿದ್ದದ್ದು ಆಗ. ದ್ರೌಪದಮ್ಮನ ಹೆಸರಿನಲ್ಲಿ ಕೆಂಡ ತುಳಿಯುವ ಪದ್ಧತಿಯೂ ಅಲ್ಲಿ ನಿಂತಿಲ್ಲ. ನಿಮ್ಮ ಕಡೆಯ ಕರಗ ನೋಡಿದವರಿಗೆ ಅದು ಹೊಸದೇನೂ ಅನ್ನಿಸುವುದಿಲ್ಲ, ಅಲ್ವಾ?

ಇನ್ನು ನಿಮ್ಮ ಕಡೆಯ ಕೆಲಸ. ಇದನ್ನು ಯಾರೂ ನಿಮಗಾಗಿ ಮಾಡಿಕೊಡುವುದಿಲ್ಲ. ಅಜ್ಜಿಯ ಹತ್ತಿರ ಕೂತು ಫೋನಿನಲ್ಲಿ ರೆಕಾರ್ಡ್ ಮಾಡಿ. ಬೆಳಗಿನ ಹೊತ್ತು ಒಳ್ಳೆಯದು, ಅರ್ಧ ಗಂಟೆಗಿಂತ ಜಾಸ್ತಿ ಬೇಡ. "ದೊಡ್ಡಪ್ಪನ ಬಗ್ಗೆ ಹೇಳಜ್ಜಿ" ಅಂದರೆ ಗೊತ್ತಿರುವ ಅದೇ ಎರಡು ಮಾತು ಬರುತ್ತದೆ. ಹಾಗೆ ಕೇಳದೆ ಸುತ್ತಲಿನದ್ದನ್ನು ಕೇಳಿ. ಪಿತೃಪಕ್ಷದಲ್ಲಿ ಎಡೆ ಇಡುವಾಗ ನಿಮ್ಮಪ್ಪ ಯಾರ್ಯಾರ ಹೆಸರು ಹೇಳುತ್ತಿದ್ದರು? ನಿಮ್ಮ ತಾತನನ್ನು ಊರಿನವರು ಏನಂತ ಕರೆಯುತ್ತಿದ್ದರು? ದೊಡ್ಡಮ್ಮ ಎಲ್ಲಿ ಮಲಗುತ್ತಿದ್ದರು, ಅವರ ತವರು ಯಾವುದು? ಕಾಗದ ಬಂದಾಗ ಓದಿ ಹೇಳಿದವರು ಯಾರು, ಶಾನುಭೋಗರಾ, ಮೇಷ್ಟ್ರಾ? ಕಾಗದದಲ್ಲಿ ಯಾವುದಾದರೂ ತೋಟದ ಹೆಸರು ಇತ್ತಾ? ಟೊಂಗಾಟ್, ವೆರುಲಂ, ಉಮ್ಜಿಂಟೊ, ಮೌಂಟ್ ಎಜ್‌ಕೂಂಬ್, ಈ ಹೆಸರುಗಳನ್ನು ನಿಧಾನವಾಗಿ ಹೇಳಿ ನೋಡಿ. ಕಿವಿಗೆ ಬಿದ್ದ ಹೆಸರು ಯಾವುದಾದರೂ ಇದ್ದರೆ ತಟ್ಟನೆ ನೆನಪಾಗಬಹುದು. ಎಲ್ಲರೂ ಕಬ್ಬಿನ ಗದ್ದೆಗೇ ಹೋದರು ಅಂತ ತಿಳಿಯಬೇಡಿ. ರೈಲ್ವೆಗೆ, ಕಲ್ಲಿದ್ದಲ ಗಣಿಗೆ, ಚಹಾ ತೋಟಕ್ಕೆ ಹೋದವರೂ ಇದ್ದರು.

ಒಂದು ಎಚ್ಚರಿಕೆ. ಡರ್ಬನ್‌ನಿಂದ ಬಂದ ವಿವರವನ್ನು ಅಜ್ಜಿಗೆ ಮೊದಲೇ ಹೇಳಬೇಡಿ. "ಅವರ ತಂದೆಯ ಹೆಸರು ಚಿಕ್ಕ ವೆಂಕಟಪ್ಪ ಅಂತೆ, ಹೌದಾ ಅಜ್ಜಿ?" ಅಂದರೆ ಯಾವ ಅಜ್ಜಿಯೂ "ಹೂಂ ಕಣಪ್ಪ" ಅನ್ನುತ್ತಾರೆ. ಅದು ಸಾಕ್ಷಿಯಾಗಿ ಉಳಿಯುವುದಿಲ್ಲ. ಅಜ್ಜಿ ಹೇಳಿದ ಹೆಸರುಗಳು, ಹಳ್ಳಿ, ಮನೆದೇವರು, ಹೋದವರ ಅಣ್ಣತಮ್ಮ ಅಕ್ಕತಂಗಿಯರು, ಹೆಂಡತಿಯ ಹೆಸರು, ಇಷ್ಟನ್ನೂ ನೀವು ಒಂದು ಹಾಳೆಯಲ್ಲಿ ಬರೆಯಿರಿ. ಅವರೂ ತಮಗೆ ಗೊತ್ತಿರುವುದನ್ನು ಬರೆಯಲಿ. ಇಬ್ಬರೂ ಒಂದೇ ದಿನ ಫೋಟೋ ತೆಗೆದು ಕಳಿಸಿಕೊಳ್ಳಿ. ಆಗ ಸೇರಿದ್ದಕ್ಕೆ ತೂಕ ಬರುತ್ತದೆ.

ಕಾಗದ ಇಲ್ಲವೇ ಇಲ್ಲ ಅಂತ ಬರೆದಿದ್ದೀರಿ. ನನಗೆ ಅಷ್ಟು ಖಾತ್ರಿ ಇಲ್ಲ. ಜಮೀನಿದ್ದ ಮನೆಯಾದರೆ ಎಲ್ಲೋ ಒಂದು ಪಾಲುಪಾರೀಖತ್ತು ಆಗಿರಬೇಕು. ಅಣ್ಣತಮ್ಮಂದಿರು ಭಾಗ ಆಗುವಾಗ ಬರೆಸಿದ ಹಳೆಯ ಪತ್ರದಲ್ಲಿ ತಂದೆಯ ಹೆಸರು, ಅಣ್ಣತಮ್ಮಂದಿರ ಹೆಸರು ಕ್ರಮವಾಗಿ ಇರುತ್ತವೆ. ಊರಲ್ಲಿ ಇಲ್ಲದ ಅಣ್ಣನ ಪಾಲು ಏನಾಯಿತು ಅನ್ನುವುದನ್ನೂ ಹೇಳಬೇಕಾಗಿ ಬಂದು, "ದೇಶಾಂತರ ಹೋಗಿರುವ" ಅಂತ ಬರೆದಿದ್ದರೆ ನಿಮ್ಮ ಅದೃಷ್ಟ. ನೋಂದಣಿ ಆಗಿದ್ದರೆ ಉಪನೋಂದಣಿ ಕಚೇರಿಯಲ್ಲಿ ನಕಲು ಸಿಗಬಹುದು. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಕೈಬರಹದ ಹಳೆಯ ಪಹಣಿ, ಮ್ಯುಟೇಷನ್ ರಿಜಿಸ್ಟರ್ ಕೇಳಿ. ಕಂಪ್ಯೂಟರ್ ಪಹಣಿಯಲ್ಲಿ ಇಷ್ಟು ಹಳೆಯದು ಸಿಗುವುದಿಲ್ಲ. ನಾಡಕಚೇರಿಯಲ್ಲಿ ಕೊಡುವ ವಂಶವೃಕ್ಷ ಇದಕ್ಕೆ ಸಾಲದು. ನೀವು ಹೇಳಿದ್ದನ್ನೇ ಅವರು ಬರೆದುಕೊಡುವುದು.

ಬೇರೆ ಕಡೆಯ ಓದುಗರಿಗೆ ಇಲ್ಲಿ ಒಂದು ಮಾತು ಹೇಳಬೇಕು. ಉತ್ತರ ಕರ್ನಾಟಕದ ಕಡೆ ಮನೆಗೆ ಹೆಳವರು ಬರುತ್ತಾರೆ. ಸುಗ್ಗಿ ಮುಗಿದ ಮೇಲೆ ಬಂದು, ಮನೆತನದ ಮೂಲ ಊರು, ಬೆಡಗು, ತಲೆಮಾರುಗಳ ಹೆಸರು ಹೇಳಿ ಕಾಳು ಪಡೆದು ಹೋಗುತ್ತಾರೆ. ಅವರ ಹೊತ್ತಿಗೆಯಲ್ಲಿ ಇರುವಷ್ಟು ವಿವರ ಯಾವ ಸರ್ಕಾರಿ ಕಡತದಲ್ಲೂ ಇಲ್ಲ. ಮುಂದಿನ ಸಲ ಅವರು ಬಂದಾಗ ಕೂರಿಸಿ, ಊರು ಬಿಟ್ಟು ಹೋದವರ ಹೆಸರೂ ಇದೆಯಾ ಅಂತ ಕೇಳಿ. ಒಪ್ಪಿಗೆ ಕೇಳಿ ರೆಕಾರ್ಡ್ ಮಾಡಿಕೊಳ್ಳಿ. ಆ ವಿದ್ಯೆಗೆ ನಾವು ಕೊಡುತ್ತಿರುವ ಮರ್ಯಾದೆ ತುಂಬ ಕಡಿಮೆ ಅಂತ ನನಗೆ ಬೇಸರ ಇದೆ.

ಅವರು ವಾಪಸ್ ಯಾಕೆ ಬರಲಿಲ್ಲ ಅನ್ನುವ ಪ್ರಶ್ನೆ ನಿಮ್ಮ ಮನೆಯಲ್ಲಿ ನೂರು ವರ್ಷದಿಂದ ಇದ್ದಿರಬೇಕು. ಕರಾರು ಐದು ವರ್ಷದ್ದು. ಮೊದಲ ವರ್ಷ ತಿಂಗಳಿಗೆ 10 ಶಿಲ್ಲಿಂಗ್, ಆಮೇಲೆ ವರ್ಷಕ್ಕೆ ಒಂದೊಂದು ಶಿಲ್ಲಿಂಗ್ ಜಾಸ್ತಿ. 1895ರಲ್ಲಿ ನೇಟಾಲ್ ಸರ್ಕಾರ ಒಂದು ಕಾನೂನು ಮಾಡಿತು. ಕರಾರು ಮುಗಿದವರು ವಾಪಸ್ ಹೋಗಬೇಕು, ಇಲ್ಲ ಮತ್ತೆ ಕರಾರಿಗೆ ಸೇರಬೇಕು, ಎರಡೂ ಬೇಡ ಅಂದರೆ ವರ್ಷಕ್ಕೆ 3 ಪೌಂಡ್ ತೆರಿಗೆ ಕಟ್ಟಬೇಕು. 3 ಪೌಂಡ್ ಅಂದರೆ 60 ಶಿಲ್ಲಿಂಗ್, ಹೊಸ ಆಳಿನ ಆರು ತಿಂಗಳ ಕೂಲಿ. ಸಾಲ ಮಾಡಿ, ಮತ್ತೆ ಐದು ವರ್ಷ ಬರೆದುಕೊಟ್ಟು, ಹಾಗೇ ಸಿಕ್ಕಿಕೊಂಡವರು ಬಹಳ ಜನ. 1913ರಲ್ಲಿ ಗಾಂಧೀಜಿ ಮುಂದಾಳಾಗಿ ನಡೆದ ದೊಡ್ಡ ಮುಷ್ಕರದ ಮೇಲೆ, 1914ರಲ್ಲಿ ಆ ತೆರಿಗೆ ಹೋಯಿತು. ನಿಮ್ಮ ದೊಡ್ಡ ಮುತ್ತಾತ 1900ರ ನಂತರ ಹೋದವರಾದರೆ ಅವರ ಬೆನ್ನ ಮೇಲೂ ಈ ಭಾರ ಇದ್ದಿರಬಹುದು. ಮನೆ ಮರೆತರು ಅಂತ ಅವರನ್ನು ದೂರುವ ಮೊದಲು ಇದನ್ನು ತಿಳಿದಿರುವುದು ಒಳ್ಳೆಯದು.

ಅಲ್ಲೇ ತೀರಿಕೊಂಡವರಾದರೆ ಹಡಗಿನ ಪಟ್ಟಿಯಷ್ಟೇ ಬೆಲೆಯ ಇನ್ನೊಂದು ಕಾಗದ ಇದೆ. ಸ್ವಲ್ಪ ಆಸ್ತಿ ಬಿಟ್ಟು ಹೋದವರ ಹೆಸರಿನಲ್ಲಿ ನೇಟಾಲಿನ ಕೋರ್ಟು ಒಂದು ಕಡತ ತೆರೆಯುತ್ತಿತ್ತು. ಪೀಟರ್‌ಮಾರಿಟ್ಸ್‌ಬರ್ಗ್‌ನ ಪತ್ರಾಗಾರದಲ್ಲಿ ಅವು ಇವೆ. ಫ್ಯಾಮಿಲಿಸರ್ಚ್ ಎಂಬ ಪುಕ್ಕಟೆ ಜಾಲತಾಣದಲ್ಲೂ ಒಂದಷ್ಟನ್ನು ನೋಡಬಹುದು. ಕಡತದ ಮರಣ ಸೂಚನೆಯ ಫಾರಂನಲ್ಲಿ ಹುಟ್ಟಿದ ಊರು, ತಂದೆತಾಯಿಯ ಹೆಸರು, ಹೆಂಡತಿ, ಮಕ್ಕಳ ಹೆಸರು ಬರೆಯಬೇಕಿತ್ತು. ಮಕ್ಕಳು ತುಂಬಿಸಿದ್ದರಿಂದ ಹಳ್ಳಿಯ ಹೆಸರು ಇರಬೇಕಾದ ಜಾಗದಲ್ಲಿ ಬರೀ "ಇಂಡಿಯಾ" ಅಂತ ಇರಬಹುದು. ಆದರೂ ತೆಗೆಸಿ ನೋಡಲು ಆಕೆಗೆ ಹೇಳಿ.

ಆ ಕಡತದಲ್ಲಿ ಇಲ್ಲಿನ ಹೆಂಡತಿಯ ಹೆಸರು ಇರುವುದಿಲ್ಲ. ಬೇರೊಬ್ಬರ ಹೆಸರು ಇರುತ್ತದೆ. ಅವರೇ ಡರ್ಬನ್ ಅಜ್ಜಿಯ ತಾಯಿ. ಊರಲ್ಲಿ ಒಬ್ಬರು ಕಾದುಕೊಂಡು ಕೂತಿದ್ದರು ಅನ್ನುವುದು ಆ ಮನೆಗೆ ಗೊತ್ತಿದೆಯೋ ಇಲ್ಲವೋ. ಮೊದಲ ದಿನವೇ ಹೇಳಬೇಡಿ, ಕೇಳಿದಾಗ ಮುಚ್ಚಿಡಲೂ ಬೇಡಿ. ಇಲ್ಲಿ ಉಳಿದವರಿಗೂ ಅನ್ಯಾಯ ಆಗಿತ್ತು, ಅಲ್ಲಿ ಮನೆ ಕಟ್ಟಿದವರದ್ದೂ ತಪ್ಪಿರಲಿಲ್ಲ. ನಿಮ್ಮ ಹಾಳೆಯಲ್ಲಿ ಆ ದೊಡ್ಡಮ್ಮನ ಹೆಸರನ್ನು ತಪ್ಪದೆ ಬರೆಯಿರಿ. ಬೇರೆ ಎಲ್ಲೂ ಅದು ಉಳಿದಿಲ್ಲ.

ಡಿಎನ್‌ಎ ಪರೀಕ್ಷೆ ಬಗ್ಗೆ ನೀವು ಕೇಳಿಲ್ಲ, ಆದರೆ ಆಕೆ ಕೇಳಿಯೇ ಕೇಳುತ್ತಾರೆ. ಮಾಡಿಸುವುದಾದರೆ ನೀವು ಮತ್ತು ಆಕೆ ಮಾಡಿಸಬೇಡಿ. ಇಬ್ಬರು ಅಜ್ಜಿಯರು ಮಾಡಿಸಲಿ. ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳು ಅಂದರೆ ಸರಾಸರಿ ಶೇಕಡಾ 12.5ರಷ್ಟು ಡಿಎನ್‌ಎ ಹಂಚಿಕೊಂಡಿರುತ್ತಾರೆ. ಅದು ಎದ್ದು ಕಾಣುತ್ತದೆ, ಅನುಮಾನಕ್ಕೆ ಜಾಗ ಕಡಿಮೆ. ನೀವು ಮತ್ತು ಆಕೆ ಅವರಿಗಿಂತ ಎರಡು ತಲೆಮಾರು ಕೆಳಗೆ. ನಿಮ್ಮ ನಡುವೆ ಉಳಿಯುವುದು ಶೇಕಡಾ ಒಂದಕ್ಕಿಂತ ಕಡಿಮೆ. ಇಷ್ಟು ದೂರದ ನೆಂಟರಲ್ಲಿ ನೂರಕ್ಕೆ ಸುಮಾರು ಹತ್ತು ಜೋಡಿಗೆ ಪರೀಕ್ಷೆಯಲ್ಲಿ ಏನೂ ಕಾಣುವುದೇ ಇಲ್ಲ. ಇನ್ನೊಂದು ತೊಡಕು ನಮ್ಮ ಕಡೆಯದ್ದೇ. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ಪದ್ಧತಿಯಿಂದ ನಮ್ಮಲ್ಲಿ ಸುತ್ತಮುತ್ತ ಹತ್ತು ಹಳ್ಳಿಯ ಒಂದು ಜಾತಿಯವರೆಲ್ಲ ಒಂದಲ್ಲ ಒಂದು ರೀತಿ ನೆಂಟರು. ಹಾಗಾಗಿ ಸ್ವಲ್ಪ ಹೊಂದಿಕೆ ಕಂಡರೆ ಅದಕ್ಕೆ ಅರ್ಥ ಇಲ್ಲ. ಕಂಪನಿಯವರು ಕೊಡುವ "ಹತ್ತಿರದ ನೆಂಟರು" ಅನ್ನುವ ಪಟ್ಟಿ ಕೂಡ ನಮ್ಮವರ ವಿಷಯದಲ್ಲಿ ಸಂಬಂಧವನ್ನು ಇರುವುದಕ್ಕಿಂತ ಹತ್ತಿರ ತೋರಿಸುತ್ತದೆ. ತಂದೆಯಿಂದ ಮಗನಿಗೆ ಮಾತ್ರ ಬರುವ ವೈ ಕ್ರೋಮೋಸೋಮನ್ನು ನೋಡುವ, ಗಂಡು ಸಾಲಿನ ವೈ ಪರೀಕ್ಷೆ ಇನ್ನೊಂದು ದಾರಿ. ನಿಮ್ಮ ಕಡೆ ಒಬ್ಬ ಗಂಡಸು, ಅಲ್ಲಿ ಅಜ್ಜಿಯ ಅಣ್ಣತಮ್ಮಂದಿರ ಗಂಡು ಮಕ್ಕಳಲ್ಲಿ ಒಬ್ಬರು. ಅದು ಸೇರದೇ ಹೋದರೆ ನೀವು ಒಂದೇ ಸಾಲಿನವರಲ್ಲ ಅಂತ ಹೆಚ್ಚುಕಡಿಮೆ ತೀರ್ಮಾನ. ಸೇರಿದರೆ ಒಂದೇ ಕುಲದವರು ಅಂತ ಮಾತ್ರ ಗೊತ್ತಾಗುತ್ತದೆ, ಅಣ್ಣತಮ್ಮಂದಿರ ಮನೆಯೇ ಅಂತ ಅಲ್ಲ. ಪರೀಕ್ಷೆ ಅಂದರೆ ಏನು, ಅದರಿಂದ ಏನೇನು ಗೊತ್ತಾಗಬಹುದು ಅಂತ ಅಜ್ಜಿಗೆ ಬಿಡಿಸಿ ಹೇಳಿ, ಅವರು ಒಪ್ಪಿದರೆ ಮಾತ್ರ ಮಾಡಿಸಿ.

ನನ್ನ ಅಳತೆ ಇದು. ತಂದೆಯ ಹೆಸರು, ಹಳ್ಳಿ, ಮನೆದೇವರು ಮೂರೂ ಸೇರಿದರೆ ಡಿಎನ್‌ಎ ಇಲ್ಲದೆಯೂ ನಾನು ಒಪ್ಪುತ್ತೇನೆ. ತಂದೆಯ ಹೆಸರು ಸೇರಿ, ಹಳ್ಳಿಯ ಜಾಗದಲ್ಲಿ ಬರೀ ತಾಲ್ಲೂಕು ಇದ್ದರೆ ಪರೀಕ್ಷೆ ಬೇಕು. ತಂದೆಯ ಹೆಸರೇ ಬೇರೆಯಾದರೆ, ಅವರು ನಿಮ್ಮವರಲ್ಲ. ಆದರೆ ನಿಮ್ಮ ಪಕ್ಕದ ಹಳ್ಳಿಯವರಿರಬಹುದು. ಆ ಹಳ್ಳಿಗೆ ಹೋಗಿ ನಾಲ್ಕು ಜನ ಹಿರಿಯರನ್ನು ವಿಚಾರಿಸುವುದು ನಿಮ್ಮಿಂದ ಆಗುತ್ತದೆ, ಡರ್ಬನ್‌ನಿಂದ ಆಗುವುದಿಲ್ಲ. ಅದನ್ನು ದಯವಿಟ್ಟು ಮಾಡಿಕೊಡಿ.

ನಿಮ್ಮವರ ಸಾಲು ನೇಟಾಲಿನ ಪಟ್ಟಿಯಲ್ಲಿ ಸಿಗದೇ ಹೋದರೆ ಬೇರೆ ದೇಶಗಳನ್ನೂ ನೋಡಬೇಕು. ಫಿಜಿಗೆ 1903ರಿಂದ ಮದ್ರಾಸಿನಿಂದಲೂ ಆಳುಗಳನ್ನು ಕಳಿಸುತ್ತಿದ್ದರು. ಅವರ ಪಾಸುಗಳು ಸುವಾದ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಮಾರಿಷಸ್‌ಗೆ ಹೋದವರ ರಿಜಿಸ್ಟರ್‌ಗಳು, ಎಷ್ಟೋ ಜನರ ಫೋಟೋ ಕೂಡ, ಮೋಕಾದ ಮಹಾತ್ಮ ಗಾಂಧಿ ಸಂಸ್ಥೆಯಲ್ಲಿವೆ. ಸಿಲೋನು, ಮಲಯ, ಬರ್ಮಾಕ್ಕೆ ಆಳುಗಳನ್ನು ಸೇರಿಸಿ ಕರೆದೊಯ್ಯುವ ಮೇಸ್ತ್ರಿ, ಕಂಗಾಣಿಗಳ ಹಿಂದೆ ಹೋದವರಿಗೆ ಇಂಥ ತಲೆಗೊಂದು ಸಾಲಿನ ದಾಖಲೆ ಸಿಗುವುದು ಅಪರೂಪ. ಅಲ್ಲಿ ಬಾಯಿಮಾತೇ ಗತಿ.

ಮನೆಯಲ್ಲಿ ಎರಡು ಭಯ ಏಳುತ್ತವೆ, ಮೊದಲೇ ಮಾತಾಡಿಬಿಡಿ. ಇಲ್ಲಿನವರಿಗೆ "ಜಮೀನಿನಲ್ಲಿ ಪಾಲು ಕೇಳೋಕೆ ಬಂದರು" ಅನ್ನುವ ಭಯ. ಅಲ್ಲಿನವರಿಗೆ "ದುಡ್ಡು ಕೇಳುತ್ತಾರೆ" ಅನ್ನುವ ಭಯ. ನಾಲ್ಕನೇ ತಲೆಮಾರಿನಲ್ಲಿ ಊರು ಹುಡುಕಿಕೊಂಡು ಬರುವವರು ಸಾಮಾನ್ಯವಾಗಿ ಕೇಳುವುದು ಮನೆ ಇದ್ದ ಜಾಗ ತೋರಿಸಿ ಅಂತ, ಅಷ್ಟೇ. ಜಮೀನಿನ ಬಗ್ಗೆ ನಿಜವಾದ ತಕರಾರು ಇದ್ದರೆ ವಕೀಲರನ್ನು ಕೇಳಿಕೊಳ್ಳಿ, ಆದರೆ ಆ ಅನುಮಾನದಿಂದ ಅಜ್ಜಿಯರ ಭೇಟಿ ತಪ್ಪಿಸಬೇಡಿ. ಹಣದ ಮಾತು ಎರಡೂ ಕಡೆ ಬೇಡ. ನಡುವೆ ಯಾರಾದರೂ ಬಂದು ವಂಶ ಹುಡುಕಿಕೊಡುತ್ತೇನೆ, ಮುಂಗಡ ಕೊಡಿ ಅಂದರೆ ಒಪ್ಪಬೇಡಿ. ಆಧಾರ್, ಪಹಣಿ ಪ್ರತಿಗಳನ್ನು ಯಾರಿಗೂ ಕಳಿಸಬೇಡಿ.

ಇನ್ನು ಮೊದಲ ಕರೆ. ಹಾಳೆಗಳು ಅದಲುಬದಲಾದ ಮೇಲೆ, ಉತ್ತರ ಏನೇ ಬಂದಿರಲಿ, ವಿಡಿಯೋ ಕರೆ ಮಾಡಿ. ಮಾತು ತರ್ಜುಮೆ ಮಾಡಲು ನಿಮ್ಮ ಮಗಳು ಇರಲಿ. ಅಜ್ಜಿಗೆ ತೆಲುಗು ಬರುವುದಾದರೆ ಮೊದಲು ತೆಲುಗಿನಲ್ಲೇ ಒಂದೆರಡು ಮಾತು ಆಡಲಿ, ಆ ಅಜ್ಜಿಗೂ ನಾಲ್ಕು ಪದ ನೆನಪಿರಬಹುದು. ಡರ್ಬನ್ ನಮಗಿಂತ ಮೂರೂವರೆ ಗಂಟೆ ಹಿಂದೆ. ಭಾನುವಾರ ನಮ್ಮ ಮಧ್ಯಾಹ್ನ ಎರಡೂವರೆಗೆ ಮಾಡಿದರೆ ಅವರಿಗೆ ಬೆಳಗ್ಗೆ ಹನ್ನೊಂದು. ಇಬ್ಬರು ಅಜ್ಜಿಯರೂ ಎಚ್ಚರವಾಗಿ, ತಿಂಡಿ ಊಟ ಮುಗಿಸಿ ಕೂತಿರುವ ಹೊತ್ತು. ಮನೆ, ಕೆರೆ, ಮನೆದೇವರ ಗುಡಿಯ ಫೋಟೋಗಳನ್ನು ಹಿಂದಿನ ದಿನವೇ ಕಳಿಸಿರಿ. ನಿಮ್ಮ ಹಳ್ಳಿಯಲ್ಲಿ ಸಿಗ್ನಲ್ ಸರಿ ಇಲ್ಲದಿದ್ದರೆ ಅಜ್ಜಿಯನ್ನು ಮುಳಬಾಗಿಲಿಗೆ ಕರೆದುಕೊಂಡು ಬಂದು ನೆಂಟರ ಮನೆಯಲ್ಲಿ ಕೂರಿಸಿ ಮಾತಾಡಿಸಿ.